ಸಹಿ ಇರುವ ಹಳೆ ಪುಸ್ತಕ ಅಂತ 14,000 ರೂಪಾಯಿ ಕಳೆದುಕೊಂಡೆ

ಆನ್‌ಲೈನ್‌ನಲ್ಲಿ ಹಳೆ ಪುಸ್ತಕ ಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ಮೋಸ ಆಗಿ ಮೂರು ವಾರ ಆಯಿತು.

ನಾವು ತುಮಕೂರಿನವರು. ಅಪ್ಪ ನಿವೃತ್ತ ಮೇಷ್ಟ್ರು. ಎಡ್ವರ್ಡ್ ಯಂಗ್ ಬರೆದ ‘ಒನ್ ಆಫ್ ಅವರ್ ಸಬ್‌ಮರೀನ್ಸ್’ ಅಂದರೆ ಅವರಿಗೆ ಪ್ರಾಣ. ಎರಡನೇ ಮಹಾಯುದ್ಧದಲ್ಲಿ ‘ಸ್ಟಾರ್ಮ್’ ಎಂಬ ಬ್ರಿಟಿಷ್ ಸಬ್‌ಮರೀನ್ ನಡೆಸಿದವರು ಯಂಗ್. 1944ರಲ್ಲಿ ಶ್ರೀಲಂಕಾದ ತ್ರಿಂಕೋಮಲಿಯಿಂದ ಹೊರಟು ಮಲಕ್ಕಾ ಜಲಸಂಧಿಯಲ್ಲಿ ಗಸ್ತು ಹೊಡೆದಿದ್ದರು. ಅದಕ್ಕೂ ಮುಂಚೆ, 1935ರಲ್ಲಿ, ಲಂಡನ್ ಜೂಗೆ ಹೋಗಿ ಪೆಂಗ್ವಿನ್ ಪ್ರಕಾಶನದ ಲಾಂಛನವಾದ ಆ ಹಕ್ಕಿಯ ಚಿತ್ರ ಬರೆದವರೂ ಇವರೇ! 1954ರಲ್ಲಿ ಇವರ ಪುಸ್ತಕವೇ ಪೆಂಗ್ವಿನ್‌ನ 1000ನೇ ಪುಸ್ತಕವಾಗಿ ಬಂತು. ಅಪ್ಪನ ಹತ್ತಿರ ಇರುವುದು ಅದು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ತಗೊಂಡಿದ್ದು. ಬೈಂಡು ಕಿತ್ತುಹೋಗಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದಾರೆ.

ಅಪ್ಪನ 75ನೇ ಹುಟ್ಟುಹಬ್ಬಕ್ಕೆ 1952ರ ಮೊದಲ ಮುದ್ರಣ, ಅದೂ ಲೇಖಕರ ಸಹಿ ಇರುವುದನ್ನೇ ಕೊಡಬೇಕು ಅಂತ ನನಗೆ ಆಸೆ. ಮಾರುವವನೊಬ್ಬ ಸಿಕ್ಕ. ವಾಟ್ಸಾಪ್‌ನಲ್ಲಿ ಎರಡು ಫೋಟೊ ಕಳಿಸಿದ. ‘ಸಾರ್, ಇನ್ನಿಬ್ಬರು ಕೇಳ್ತಿದ್ದಾರೆ, ಸಂಜೆ ಒಳಗೆ ಹೇಳಿ’ ಅಂದ. ಆ ಮಾತಿಗೇ ನಾನು ಬಿದ್ದೆ. ಬಿ.ಎಚ್. ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಲ್ಲೇ ಯುಪಿಐನಲ್ಲಿ ದುಡ್ಡು ಹಾಕಿದೆ.

ಪುಸ್ತಕ ಬಂತು. ಅಪ್ಪ ಕನ್ನಡಕ ಹಾಕಿಕೊಂಡು ಸಹಿಯ ಮೇಲೆ ಬೆರಳಾಡಿಸಿದರು. ಆಮೇಲೆ ಭೂತಗನ್ನಡಿ ತರಿಸಿದರು. ‘ನೀನೂ ನೋಡು’ ಅಂದರು. ಅದು ಪೆನ್ನಿನ ಗೆರೆಯೇ ಅಲ್ಲ. ನೀಲಿ, ಗುಲಾಬಿ, ಹಳದಿ ಚುಕ್ಕಿಗಳು ಒತ್ತೊತ್ತಾಗಿ ಕೂತಿದ್ದವು. ಪ್ರಿಂಟರ್‌ನಲ್ಲಿ ತೆಗೆದ ಸಹಿ! ಶಾಯಿಯಲ್ಲಿ ಬರೆದಿದ್ದರೆ ಬಣ್ಣ ಒಂದೇ ಇರುತ್ತದೆ, ಗೆರೆ ಮೇಲೆ ಗೆರೆ ಹಾದ ಕಡೆ ದಟ್ಟವಾಗಿ ಕಾಣುತ್ತದೆ. ಶೀರ್ಷಿಕೆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದೆವು. ಅದರ ಹಿಂಬದಿಯಲ್ಲಿ, 1952ರ ಕೆಳಗೆ, ಒಂದು ಸಾಲಿನಷ್ಟು ಕಾಗದ ತೆಳ್ಳಗಾಗಿತ್ತು. ಬ್ಲೇಡಿನಲ್ಲಿ ಕೆರೆದಿದ್ದಾರೆ. ಮರುಮುದ್ರಣದ ವಿವರ ಹಾಕೋದು ಅಲ್ಲೇ ಅಲ್ವಾ. ಅದನ್ನು ಅಳಿಸಿ ಮೊದಲ ಮುದ್ರಣ ಅಂತ ತೋರಿಸಿದ್ದಾನೆ. ಜೊತೆಗೊಂದು ಸರ್ಟಿಫಿಕೇಟ್ ಬೇರೆ. 2004ರಲ್ಲಿ ಲೇಖಕರೇ ಸಹಿ ಹಾಕಿದ್ದು ಅಂತ ಅದರಲ್ಲಿತ್ತು. ಯಂಗ್ ತೀರಿಕೊಂಡಿದ್ದು 2003ರಲ್ಲಿ.

ಅಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಮಾರಿದವನು ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಆದರೆ ಅವನ ಉತ್ತರಕ್ಕೆ ಕಾದು ನಾಲ್ಕು ದಿನ ಸುಮ್ನೆ ಹಾಳು ಮಾಡಿದೆ. ನೀವು ಹಾಗೆ ಕಾಯಬೇಡಿ, ಗೊತ್ತಾದ ಗಳಿಗೆಯಲ್ಲೇ ಫೋನ್ ಮಾಡಿ. ದುಡ್ಡು ಕೊಡುವ ಮುಂಚೆ ಸಹಿಯನ್ನು ತೀರಾ ಹತ್ತಿರದಿಂದ ತೆಗೆದ ಫೋಟೊ ಕೇಳಿ. ಶೀರ್ಷಿಕೆ ಪುಟವನ್ನು ಬೆಳಕಿಗೆ ಹಿಡಿದು ವಿಡಿಯೊ ಕಳಿಸು ಅನ್ನಿ. ನೆಟ್ಟಗೆ ವ್ಯಾಪಾರ ಮಾಡುವವನು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾರುವವನೇ ಬರೆದುಕೊಟ್ಟ ಸರ್ಟಿಫಿಕೇಟನ್ನು ಮಾತ್ರ ಲೆಕ್ಕಕ್ಕೇ ಹಿಡಿಯಬೇಡಿ.

ನಿನ್ನೆ ಗೆಳೆಯನ ಫೋನಿನಲ್ಲಿ ಅವನ ಇನ್ನೊಂದು ಜಾಹೀರಾತು ಕಂಡಿತು. ಹೆಸರು ಬೇರೆ. ಸಹಿ ಇನ್ನೊಬ್ಬ ನೌಕಾಧಿಕಾರಿಯದು. ಬೆಲೆ 11,000. ಆದರೆ ಪುಸ್ತಕದ ಕೆಳಗೆ ಹಾಸಿರುವುದು ನನಗೆ ಕಳಿಸಿದ ಫೋಟೊದಲ್ಲಿದ್ದ ಅದೇ ಹಸಿರು ಚೌಕಳಿ ಬಟ್ಟೆ, ಮೂಲೆಯಲ್ಲಿ ಅದೇ ಕಾಫಿ ಕಲೆ.