ಅಪ್ಪಯ್ಯನ ಕೇಪಿನ ಕೋವಿ ಮತ್ತು ಶಿವಮೊಗ್ಗದ ಒಂದು ದುರಸ್ತಿ ಅಂಗಡಿ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಅಪ್ಪಯ್ಯನ ಕಾಲದಿಂದ ಇರುವ ಒಂಟಿ ನಳಿಗೆಯ ಕೇಪಿನ ಕೋವಿಯನ್ನು ಕಳೆದ ಬೇಸಿಗೆಯಲ್ಲಿ ಶಿವಮೊಗ್ಗ ಪೇಟೆಯ ಹಳೆಯ ದುರಸ್ತಿ ಅಂಗಡಿಯೊಂದಕ್ಕೆ ಕೊಟ್ಟು, ಮಳೆಗಾಲದ ನಡುವೆ ವಾಪಸು ತಂದು, ಭತ್ತದ ಕೊಯ್ಲು ಮುಗಿಯುವವರೆಗೆ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಅಂಗಡಿಯ ಹೆಸರನ್ನಾಗಲಿ ತಮ್ಮ ಹೆಸರನ್ನಾಗಲಿ ಹಾಕುವುದು ಬೇಡವೆಂದು ಮೇಸ್ತ್ರಿಗಳು ಕೇಳಿಕೊಂಡಿದ್ದಾರೆ. ಪರವಾನಗಿ ಕೋವಿ ಇರುವ ರೈತರಿಗೆ ಆ ಅಂಗಡಿಯ ದಾರಿ ಹೇಗೂ ಗೊತ್ತಿರುತ್ತದೆ. ನಾನು ಹೇಳಬೇಕೆಂದಿರುವುದು ಅವರ ಕೆಲಸದ ಬಗ್ಗೆ, ಅದರಲ್ಲೂ ನಳಿಗೆಯ ಬುಡವನ್ನು ಬಿಚ್ಚಿ ನೋಡದೆ ಯಾವ ಕೋವಿಯನ್ನೂ ದುರಸ್ತಿ ಮಾಡುವುದಿಲ್ಲವೆಂಬ ಅವರ ಹಟದ ಬಗ್ಗೆ.

ಮದ್ದು ಚರೆ ಎಲ್ಲ ಒಟ್ಟಿಗೇ ತುಂಬಿದ ತೋಟೆಯನ್ನು ಹಾಕಿ ಹೊಡೆಯುವ ತೋಟೆ ಕೋವಿಯನ್ನು ಮಾತ್ರ ಕಂಡವರಿಗಾಗಿ ಒಂದೆರಡು ಮಾತು. ಕೇಪಿನ ಕೋವಿಯಲ್ಲಿ ಮದ್ದು, ಅದರ ಮೇಲೆ ಕತ್ತ (ತೆಂಗಿನ ನಾರು), ಅದರ ಮೇಲೆ ಚರೆ (ಸೀಸದ ಸಣ್ಣ ಗುಂಡುಗಳು), ಮತ್ತೆ ಕತ್ತ ಹೀಗೆ ಎಲ್ಲವೂ ನಳಿಗೆಯ ಬಾಯಿಯಿಂದಲೇ ಇಳಿದು ಗಜವೆಂಬ ಉದ್ದ ಕೋಲಿನಿಂದ ಜಡಿಸಿಕೊಳ್ಳುತ್ತವೆ. ನಳಿಗೆಯ ಬುಡ ದಪ್ಪ ತಿರುಪಿನಿಂದ ಬಿಗಿಯಾಗಿ ಮುಚ್ಚಿರುತ್ತದೆ, ಅದರ ಪಕ್ಕದ ನಿಪ್ಪಲ್ಲೆಂಬ ತೂತಿನ ಮೊನೆಯ ಮೇಲೆ ಕೂರಿಸಿದ ಪುಟ್ಟ ಲೋಹದ ಟೋಪಿಯಂತಹ ಕೇಪಿಗೆ, ಕುದುರೆ ಎಂದು ಕರೆಯುವ ಸುತ್ತಿಗೆ ಬಡಿದಾಗ ಕಿಡಿಯು ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದಿಗೆ ಹಾಯುತ್ತದೆ. ಬಡಿತಕ್ಕೆ ಹೊತ್ತಿಕೊಳ್ಳುವ ರಾಸಾಯನಿಕವನ್ನು ಕೋವಿಗೆ ಅಳವಡಿಸಿ 1807ರಲ್ಲಿ ಪೇಟೆಂಟ್ ಪಡೆದವರು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್. ಅದಕ್ಕೆ ಮೊದಲು ಕಿಡಿಕಲ್ಲನ್ನೇ ನಂಬಬೇಕಿತ್ತು, ಮಲೆನಾಡಿನಂತಹ ಜಡಿಮಳೆಯ ಸೀಮೆಯಲ್ಲಿ ಅದು ಎಷ್ಟು ಸಲ ಕೈಕೊಟ್ಟಿರಬೇಕೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕೋವಿ 12 ಬೋರಿನದು, ಅಂದರೆ ಒಂದು ಪೌಂಡು ಸೀಸದಿಂದ 12 ಗುಂಡು ಎರಕ ಹೊಯ್ದರೆ ಅದರಲ್ಲೊಂದು ಗುಂಡಿನ ಅಳತೆಯೇ ನಳಿಗೆಯ ಒಳ ಅಳತೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 18ನೇ ಶತಮಾನದಲ್ಲಿ ಜರ್ಮನ್ ಮೂಲದ ಕುಶಲಿಗರು ಮಾಡುತ್ತಿದ್ದ ಉದ್ದ ರೈಫಲ್ಲುಗಳಲ್ಲಿ ನಳಿಗೆಯೊಳಗೆ ಸುರುಳಿ ಗೆರೆ ಕೊರೆದು, ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿದ ಗುಂಡನ್ನು ಜಡಿಯುತ್ತಿದ್ದರು. ನಮ್ಮದರ ಒಳಗೋಡೆ ನುಣುಪು, ಅದು ಚರೆ ಹಾಕುವುದಕ್ಕೆಂದೇ ಇರುವ ಕೋವಿ.

ಮೊದಲ ದಿನ ನಡೆದದ್ದನ್ನು ವಿವರವಾಗಿ ಹೇಳಬೇಕು. ಪರವಾನಗಿ ಪುಸ್ತಕವನ್ನು ಕೇಳಿ ಪಡೆದು, ನಳಿಗೆಯ ಮೇಲಿನ ನಂಬರನ್ನು ಅದರೊಂದಿಗೆ ತಾಳೆ ನೋಡಿ, ರಿಜಿಸ್ಟರಿನಲ್ಲಿ ಬರೆದುಕೊಂಡ ಮೇಲೆ ಮೇಸ್ತ್ರಿಗಳು ಕೇಳಿದ ಮೊದಲ ಪ್ರಶ್ನೆ, "ಗೌಡ್ರೇ, ಇದು ಖಾಲಿ ಅಂತ ನೀವೇ ನೋಡಿದ್ದಾ, ಯಾರಾದ್ರೂ ಹೇಳಿದ್ದಾ?" ಎಂಬುದು. ಅಪ್ಪಯ್ಯ ತೀರಿಕೊಂಡ ಮೇಲೆ ಪರವಾನಗಿ ನನ್ನ ಹೆಸರಿಗೆ ಆಗುವವರೆಗೆ ಕೋವಿ ಎರಡು ವರ್ಷ ಠೇವಣಿಯಲ್ಲಿತ್ತು, ಖಾಲಿ ಇದೆಯೆಂದೇ ಎಲ್ಲರೂ ನಂಬಿದ್ದೆವು. ಮೇಸ್ತ್ರಿಗಳು ಗಜವನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಹೊರತೆಗೆದು ನಳಿಗೆಯ ಹೊರಮೈಗೆ ಒತ್ತಿ ಹಿಡಿದರು. ಗಜದ ತುದಿ ನಿಪ್ಪಲ್ಲಿನ ನೇರಕ್ಕೆ ಬರಬೇಕಿತ್ತು; ನಾಲ್ಕು ಬೆರಳಿನಷ್ಟು ಹಿಂದೆಯೇ ನಿಂತಿತ್ತು. ಅಪ್ಪಯ್ಯ ತಮ್ಮ ಕೊನೆಯ ಮಳೆಗಾಲದಲ್ಲಿ ಹಂದಿ ಕಾಯಲೆಂದು ತುಂಬಿದ ಮದ್ದು ಮತ್ತು ಚರೆ ಹಾಗೆಯೇ ಒಳಗಿತ್ತು. ಎರಡು ವರ್ಷ ಎಷ್ಟು ಜನರ ಕೈಯಲ್ಲಿ, ಯಾವ ಯಾವ ದಿಕ್ಕಿಗೆ ಮುಖ ಮಾಡಿ ಈ ಕೋವಿ ಓಡಾಡಿತೆಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅವರು ಬಾಯಿಯಿಂದಲೂ ನಿಪ್ಪಲ್ಲಿನ ರಂಧ್ರದಿಂದಲೂ ನೀರು ಬಿಟ್ಟು, ಮದ್ದು ಪೂರ್ತಿ ನೆನೆಯಲೆಂದು ರಾತ್ರಿಯಿಡೀ ಹಾಗೆಯೇ ಇಟ್ಟು, ಮರುದಿನ ಗಜದ ತುದಿಗೆ ತಿರುಪಿನಂತಹ ಕೊಕ್ಕೆಯನ್ನು ಸಿಕ್ಕಿಸಿ ಕತ್ತವನ್ನು ಎಳೆಎಳೆಯಾಗಿ ಹೊರತೆಗೆದರು. ಹೊರಬಿದ್ದ ಚರೆಯನ್ನು ಒರೆಸಿ ಕಾಗದದ ಪೊಟ್ಟಣ ಕಟ್ಟಿ ನನ್ನ ಕೈಗಿತ್ತರು. ಅದನ್ನು ದೇವರ ಗೂಡಿನಲ್ಲಿ ಇಟ್ಟಿದ್ದೇನೆ.

ಬಳಿಕ ಬುಡದ ತಿರುಪು. ಇದಕ್ಕೇ ಅವರು ಒಂದು ವಾರ ಎಣ್ಣೆ ಬಿಟ್ಟು ಕಾದರು. ಇದಕ್ಕೆ ಮೊದಲು ನಾನು ವಿಚಾರಿಸಿದ್ದ ಇನ್ನೊಂದು ಕಡೆ, ಬುಡ ಬಿಚ್ಚುವ ಅಗತ್ಯವೇ ಇಲ್ಲ, ಹೊರಗೆ ಪಾಲಿಶ್ ಹೊಡೆದು ನಿಪ್ಪಲ್ ಬದಲಿಸಿ ಎರಡು ದಿನದಲ್ಲಿ ಕೊಡುತ್ತೇವೆಂದಿದ್ದರು. ಅಂತಹ ದುರಸ್ತಿಗೆ ಯಾರೂ ಒಪ್ಪಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯೂ ಅನಿಲವೂ ಆಗಿ ಹೊರಹೋಗದೆ ಉಪ್ಪಿನಂತಹ ಗಟ್ಟಿ ಶೇಷವಾಗಿ ಉಳಿಯುತ್ತದೆ, ಆ ಶೇಷ ಗಾಳಿಯ ತೇವವನ್ನು ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತದೆ, ಮತ್ತು ಅದು ಹೆಚ್ಚು ಸೇರಿಕೊಳ್ಳುವುದು ಕಣ್ಣಿಗೆ ಕಾಣದ ಆ ಬುಡದಲ್ಲಿಯೇ, ಅಂದರೆ ಸ್ಫೋಟದ ಒತ್ತಡ ಅತ್ಯಂತ ಹೆಚ್ಚಿರುವ ಜಾಗದಲ್ಲಿ. ನಮ್ಮ ನಳಿಗೆಯ ಬುಡದಲ್ಲಿ ರಾಗಿಕಾಳಿನಷ್ಟು ದೊಡ್ಡ ನಾಲ್ಕೈದು ಗುಳಿಗಳಿದ್ದವು. ಮೇಸ್ತ್ರಿಗಳು ಟಾರ್ಚು ಹಿಡಿದು ಅವನ್ನು ನನಗೆ ತೋರಿಸಿ, ಗೋಡೆಯ ದಪ್ಪವನ್ನು ಅಳೆದು, ಗುಳಿ ಆಳಕ್ಕೆ ಹೋಗಿಲ್ಲವೆಂದು ಖಾತ್ರಿಯಾದ ಮೇಲೆಯೇ ಮುಂದಿನ ಕೆಲಸಕ್ಕೆ ಕೈ ಹಾಕಿದರು. ಹೋಗಿದ್ದರೆ ಕೋವಿಯನ್ನು ಗೋಡೆಗೆ ತೂಗುಹಾಕುವುದಷ್ಟೇ ದಾರಿಯೆಂದು ಮೊದಲೇ ಹೇಳಿದ್ದರು.

ಈ ಮದ್ದಿನ ಶೇಷವೂ ವಾಸನೆಯೂ ಎಷ್ಟು ಕಾಲ ನಿಲ್ಲುತ್ತವೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ. ಹೊಸನಗರ ತಾಲ್ಲೂಕಿನ ನಗರದಲ್ಲಿ, ಹಿಂದಿನ ಬಿದನೂರಿನಲ್ಲಿ, ಹಾಳು ಬಾವಿಯೊಂದರ ಕೆಸರಿನಲ್ಲಿ ಮದ್ದಿನ ವಾಸನೆ ಬಂದದ್ದರಿಂದಲೇ ಅಗೆದು ನೋಡಿ 2018ರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳನ್ನು ಹೊರತೆಗೆದರು. ದುರಸ್ತಿಗೆ ಪೇಟೆಗೆ ಬಂದವರು ಬಿಡುವಿದ್ದರೆ ಆ ರಾಕೆಟ್ಟುಗಳು ಸೇರಿರುವ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯಕ್ಕೂ ಹೋಗಿ ಬರುವುದು ಒಳ್ಳೆಯದು.

ಕುದುರೆಯ ಕೆಲಸ ನಾನು ಕಂಡದ್ದರಲ್ಲಿ ಅತ್ಯಂತ ಸೂಕ್ಷ್ಮವಾದದ್ದು. ಅರ್ಧ ಎಳೆದು ನಿಲ್ಲಿಸಿದ ಕುದುರೆ ತಾನಾಗಿಯೇ ಜಾರುತ್ತಿತ್ತು, ಒಳಗಿನ ಕಚ್ಚು ಸವೆದಿತ್ತು. ಅದನ್ನು ಅರದಿಂದ ಹೊಸದಾಗಿ ತೀಡಿ, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಹದ ಕೊಟ್ಟರು. ಸ್ಪ್ರಿಂಗನ್ನು ಹೊಸದಾಗಿ ಮಾಡಿ, ಅದ್ದಿದ ಮೇಲೆ ಮತ್ತೆ ಮೆಲ್ಲಗೆ ಕಾಯಿಸುತ್ತ, ಉಕ್ಕಿನ ಮೈ ಒಣಹುಲ್ಲಿನ ಬಣ್ಣದಿಂದ ನೇರಳೆಗೆ, ನೇರಳೆಯಿಂದ ನೀಲಿಗೆ ತಿರುಗುವ ಹೊತ್ತಿಗೆ ಸರಿಯಾಗಿ ಇಕ್ಕುಳದಿಂದ ಎತ್ತಿದರು. ಒಂದು ಗಳಿಗೆ ಮೊದಲಾದರೆ ಮುರಿಯುತ್ತದೆ, ತಡವಾದರೆ ಮೆತ್ತಗಾಗುತ್ತದೆ. ಹಿಡಿಯ ಮರ ಕುದುರೆಯ ಹಿಂದಿನ ಸಪೂರ ಭಾಗದಲ್ಲಿ ಸೀಳಿದ್ದರಿಂದ ಹಲಸಿನ ಮರದಲ್ಲಿ ಹೊಸದನ್ನು ಕೆತ್ತಿದರು. ನಳಿಗೆಯನ್ನು ಮರಕ್ಕೆ ಕೂರಿಸುವಾಗ ಅದರ ಕೆಳಮೈಗೆ ದೀಪದ ಮಸಿ ಬಳಿದು, ತೋಡಿನಲ್ಲಿಟ್ಟು ಎತ್ತಿ, ಮಸಿ ಹತ್ತಿದ ಉಬ್ಬನ್ನಷ್ಟೇ ಉಳಿಯಿಂದ ತೆಗೆದು ಮತ್ತೆ ಇಡುವುದನ್ನು ಮಧ್ಯಾಹ್ನವಿಡೀ ಮಾಡುತ್ತಿದ್ದರು. ಈಗ ನಳಿಗೆಗೂ ಮರಕ್ಕೂ ನಡುವೆ ಕಾಗದದ ಎಳೆಯೂ ತೂರುವುದಿಲ್ಲ.

ಬಳಕೆಯ ವಿಚಾರ. ನಮ್ಮಲ್ಲಿ ಕೋವಿ ಇರುವುದು ಹಂದಿ ಮತ್ತು ಮಂಗಗಳನ್ನು ಸದ್ದಿನಿಂದ ಗದ್ದೆ ಮತ್ತು ತೋಟದಿಂದಾಚೆ ಅಟ್ಟುವುದಕ್ಕೆ. ಹಾಗಾಗಿ ನನಗೆ ಬೇಕಾದದ್ದು ಗುರಿಗಿಂತ ಹೆಚ್ಚಾಗಿ, ಕುದುರೆ ಬಿದ್ದ ಕೂಡಲೇ ಹೊತ್ತಿಕೊಳ್ಳುವ ಭರವಸೆ. ಮೊದಲ ಈಡನ್ನು ಕೋವಿಯನ್ನು ಮರದ ದಿಮ್ಮಿಗೆ ಬಿಗಿದು, ದೂರದಿಂದ ಹಗ್ಗ ಎಳೆದು ಹೊಡೆಯಬೇಕೆಂದು ಮೇಸ್ತ್ರಿಗಳು ಹೇಳಿದ್ದರು, ಹಾಗೆಯೇ ಮಾಡಿದೆ. ಅಪ್ಪಯ್ಯನ ಕಾಲದಲ್ಲಿ ಆಷಾಢದ ಮಳೆಯಲ್ಲಿ ಹತ್ತು ಕೇಪಿಗೆ ಮೂರ್ನಾಲ್ಕು ಠುಸ್ಸೆನ್ನುವುದು ಮಾಮೂಲಾಗಿತ್ತು. ಈ ಸಲ ಕೊಯ್ಲಿನವರೆಗೆ ಹೊಡೆದ 23 ಈಡಿನಲ್ಲಿ ಕೈಕೊಟ್ಟದ್ದು ಒಂದೇ, ಅದೂ ಕೇಪನ್ನು ನಾನು ಒದ್ದೆ ಕೈಯಲ್ಲಿ ಕೂರಿಸಿದಾಗ. ಪ್ರತಿ ಸಲವೂ ಬಚ್ಚಲ ಹಂಡೆಯ ಕುದಿನೀರನ್ನು ನಳಿಗೆಗೆ ಹೊಯ್ದು ತೊಳೆದು, ಬಟ್ಟೆಯಿಂದ ಒರೆಸಿ, ತೆಳು ಎಣ್ಣೆ ಸವರುತ್ತೇನೆ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟಿ ಕುದುರೆ ನಿಧಾನವಾಗುತ್ತದೆ, ಹೊಲಿಗೆ ಯಂತ್ರದ ಎಣ್ಣೆಯನ್ನೇ ಹಾಕಿ ಎಂದು ಅವರು ಹೇಳಿದ್ದು ಮಾರ್ಗಶಿರದ ಚಳಿಯಲ್ಲಿ ನಿಜವೆನಿಸಿತು. ಅವರು ಒತ್ತಿ ಹೇಳಿದ ಇನ್ನೊಂದು ಮಾತನ್ನು ಎಲ್ಲರೂ ಪಾಲಿಸಲೇಬೇಕು: ತೋಟೆಯನ್ನು ಬಿಚ್ಚಿ ತೆಗೆದ ಹೊಗೆರಹಿತ ಮದ್ದನ್ನು ಈ ಕೋವಿಗೆ ಚಿಟಿಕೆಯಷ್ಟೂ ಹಾಕಬಾರದು. ಅದರ ಒತ್ತಡವನ್ನು ಈ ನಳಿಗೆ ತಡೆಯುವುದಿಲ್ಲ.

ಕೊರತೆಗಳಿಲ್ಲವೆಂದಲ್ಲ. ಒಂದು ತಿಂಗಳೆಂದು ಹೇಳಿದ ಕೆಲಸಕ್ಕೆ ಮೂರೂವರೆ ತಿಂಗಳು ಹಿಡಿಯಿತು, ನಾಟಿಯ ಹೊತ್ತಿಗೆ ಕೋವಿ ಕೈಯಲ್ಲಿರಲಿಲ್ಲ, ಆ ವಾರ ಸಸಿಮಡಿಯ ಒಂದು ಮೂಲೆಯನ್ನು ಹಂದಿಗಳು ಉತ್ತುಹಾಕಿದವು. ಖರ್ಚಿನ ಅಂದಾಜನ್ನು ಬರೆದು ಕೊಡುವುದಿಲ್ಲ. ಬಾಯಿಮಾತಿನಲ್ಲಿ 6,000 ಎಂದದ್ದು ಕೊನೆಗೆ ಮರದ ಕೆಲಸವೂ ಸೇರಿ 9,500 ರೂಪಾಯಿ ಆಯಿತು. ಹಣ ಹೆಚ್ಚಾಯಿತೆಂದು ನನಗೆ ಅನ್ನಿಸಿಲ್ಲ, ಮೊದಲೇ ಹೇಳಬೇಕಿತ್ತು ಎನ್ನಿಸಿದೆ. ಹೆಚ್ಚು ಬೇಸರ ತಂದದ್ದು ಮರಕ್ಕೆ ವಾರ್ನಿಷ್ ಬಳಿದದ್ದು. ಮೂರು ವಾರದ ಮಳೆಗೆ ಅದು ಅಲ್ಲಲ್ಲಿ ಬಿಳಿಚಿಕೊಂಡು ಎದ್ದಿತು, ನೀರು ಕುಡಿದು ಮರ ಉಬ್ಬಿ ಗಜ ತನ್ನ ತೋಡಿನಲ್ಲಿ ಸಿಕ್ಕಿಹಾಕಿಕೊಂಡಿತು. ನಮ್ಮ ಹವೆಗೆ ಅಗಸೆ ಎಣ್ಣೆಯನ್ನು ಹಲವು ಸಲ ತಿಕ್ಕಿ ಕುಡಿಸುವುದೇ ಸರಿ. ಫೋನಿನಲ್ಲಿ ತಿಳಿಸಿದಾಗ ಅವರು ವಾದ ಮಾಡದೆ ಒಪ್ಪಿಕೊಂಡು, ವಾರ್ನಿಷ್ ಕೆರೆದು ಎಣ್ಣೆ ಕುಡಿಸಿ ಕೊಡುತ್ತೇನೆ, ದುಡ್ಡು ಬೇಡ ಎಂದಿದ್ದಾರೆ.

ಅಡಿಕೆ ಕೊಯ್ಲು ಮುಗಿದ ಮೇಲೆ ಕೋವಿಯನ್ನು ಮತ್ತೆ ಒಯ್ಯಲಿದ್ದೇನೆ. ನೆರೆಮನೆಯ ಚಿಕ್ಕಪ್ಪಯ್ಯ ತಮ್ಮ ಜೋಡು ನಳಿಗೆಯ ಕೋವಿಯನ್ನೂ ನನ್ನ ಕೈಯಲ್ಲೇ ಕಳಿಸುತ್ತೇನೆಂದರು. ಪರವಾನಗಿದಾರರೇ ಪುಸ್ತಕ ಹಿಡಿದು ಬರದಿದ್ದರೆ ಮೇಸ್ತ್ರಿಗಳು ಕೋವಿಯನ್ನು ಒಳಗೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ, ಇಬ್ಬರೂ ಒಟ್ಟಿಗೇ ಹೋಗುವುದೆಂದಾಗಿದೆ. ಹೊರಡುವ ಮುಂಚೆ ಅದರ ನಳಿಗೆಗಳೆರಡಕ್ಕೂ ಗಜ ಇಳಿಸಿ ಅಳೆದು ನೋಡಿದ್ದೇನೆ.