ಅಶ್ವಗಂಧ: ಪುಡಿಯೋ, ಕ್ಯಾಪ್ಸೂಲೋ?

ಬೆಂಗಳೂರಲ್ಲಿ ಕೂದಲು ಉದುರಿದರೆ ಮೊದಲ ಬೈಗುಳ ಬೋರ್‌ವೆಲ್ ನೀರಿಗೆ. ನಾನೂ ಬೈದೆ. ಚರ್ಮದ ಡಾಕ್ಟರು ಮಾತ್ರ ನೀರಿನ ಸುದ್ದಿ ಬಿಟ್ಟು, ಎರಡು ಮೂರು ತಿಂಗಳ ಹಿಂದೆ ಏನಾಗಿತ್ತು ಅಂತ ಕೇಳಿದರು. ಆಫೀಸಿನಲ್ಲಿ ರಾತ್ರಿ ಹಗಲು ಕೆಲಸ, ನಿದ್ದೆ ಇಲ್ಲ. ಜೋರು ಒತ್ತಡ ಬಿದ್ದಾಗ ಎಷ್ಟೋ ಕೂದಲು ಒಟ್ಟಿಗೇ ಬೆಳೆಯೋದು ನಿಲ್ಲಿಸುತ್ತವೆ, ಉದುರೋದು ಆಮೇಲೆ. ಟೆಲೋಜೆನ್ ಎಫ್ಲುವಿಯಮ್ ಅಂತ ಅದರ ಹೆಸರು. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಹೋಗುತ್ತದೆ. ನನಗೆ ಬಚ್ಚಲ ಜಾಲರಿಯಲ್ಲೇ ಮುಷ್ಟಿ ಸಿಗುತ್ತಿತ್ತು.

ಒತ್ತಡ ಇಳಿಯಲಿ, ನಿದ್ದೆ ಬರಲಿ ಅಂತ ಡಾಕ್ಟರಿಗೆ ಹೇಳಿಯೇ ಅಶ್ವಗಂಧ ಶುರು ಮಾಡಿದೆ. ಮೊದಲು ಚಿಕ್ಕಪೇಟೆ ಕಡೆಯ ಗ್ರಂಥಿಗೆ ಅಂಗಡಿಯ ಪುಡಿ. ಅಗ್ಗ. ರಾತ್ರಿ ಬಿಸಿ ಹಾಲಿಗೆ ಒಂದು ಚಮಚ. ಕಹಿ, ಜೊತೆಗೆ ಮಣ್ಣಿನ ವಾಸನೆ. ಎಷ್ಟು ಕದಡಿದರೂ ತಳದಲ್ಲಿ ಗಸಿ ಉಳಿಯುತ್ತದೆ, ಬೆಲ್ಲ ಹಾಕಿದರೆ ಹೇಗೋ ಗಂಟಲಿಗೆ ಇಳಿಯುತ್ತದೆ. ನಿದ್ದೆ ಚೆನ್ನಾಗಿ ಬಂತು, ಅದು ನಿಜ. ಆದರೆ ಹೊಟ್ಟೆ ಉಬ್ಬರ. ಪುಡಿಯಲ್ಲಿ ಸಾರ ಎಷ್ಟಿದೆ ಅಂತ ಅಂಗಡಿಯವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಕ್ಯಾಪ್ಸೂಲಿನಲ್ಲಿ ಆ ತಕರಾರು ಇಲ್ಲ. ನಾನು ತಂದದ್ದು 300 ಮಿಲಿಗ್ರಾಂ ಬೇರಿನ ಸಾರ, ಅದರಲ್ಲಿ ವಿಥನೊಲೈಡ್ (ಅಶ್ವಗಂಧದ ಮುಖ್ಯ ಸಕ್ರಿಯ ಅಂಶ) ಶೇ. 5, ದಿನಕ್ಕೆರಡು. 2012ರಲ್ಲಿ ಪ್ರಕಟವಾದ ನಮ್ಮ ದೇಶದ ಒಂದು ಸಣ್ಣ ಅಧ್ಯಯನದಲ್ಲಿ ಇಷ್ಟೇ ಪ್ರಮಾಣವನ್ನು 60 ದಿನ ಕೊಟ್ಟಾಗ ಒತ್ತಡವೂ ಒತ್ತಡದ ಹಾರ್ಮೋನಾದ ಕಾರ್ಟಿಸಾಲೂ ಇಳಿದಿದ್ದವು. ಕೊಳ್ಳುವಾಗ ಎಲೆಯದ್ದಲ್ಲ, ಬೇರಿನದ್ದೇ ಅಂತ ಲೇಬಲ್ ನೋಡಿ. ದುಡ್ಡು ಜಾಸ್ತಿ, ಆದರೆ ಹೊಟ್ಟೆಗೆ ಹಗುರ. ಬೆಳಗಿನದ್ದು ನುಂಗಿ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕೂತರೆ ತೂಕಡಿಕೆ ಬರುತ್ತಿತ್ತು. ಅದಕ್ಕೆ ಎರಡನ್ನೂ ಸಂಜೆ ಮೇಲಕ್ಕೆ ತಳ್ಳಿದೆ.

ನಡುವೆ ಒಂದೆಲಗದ ತಂಬುಳಿಯನ್ನೂ ನೋಡಿದೆ. ಅನ್ನಕ್ಕೆ ಸೊಗಸು, ಅಷ್ಟೇ.

ನನ್ನ ಓಟು ಕ್ಯಾಪ್ಸೂಲಿಗೆ. ಆದರೆ ನಿದ್ದೆಯ ಲೆಕ್ಕದಲ್ಲಿ ಮಾತ್ರ. ಹಣೆಯಂಚಿನಲ್ಲಿ ಹೊಸ ಚಿಗುರು ಬಂತು ಅಂತ ಅಶ್ವಗಂಧಕ್ಕೆ ಹಾರ ಹಾಕೋಕೆ ಆಗಲ್ಲ. ಒತ್ತಡ ಇಳಿದರೆ ಈ ಥರದ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗೇ ನಿಲ್ಲುತ್ತದೆ, ಅಲ್ವಾ? ಜೊತೆಗೆ ರಕ್ತ ಪರೀಕ್ಷೆಯಲ್ಲಿ ನನ್ನ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ) ಕಡಿಮೆ ಬಂದು, ಕಬ್ಬಿಣದ ಮಾತ್ರೆಯೂ ನಡೆದಿತ್ತು.

ನನ್ನ ತಲೆ ನೋಡಿ ಅತ್ತಿಗೆ, ‘ನಂಗೂ ಒಂದು ಡಬ್ಬಿ ತಂದುಕೊಡೋ’ ಅಂದರು. ಅವರು ಥೈರಾಯ್ಡ್ ಮಾತ್ರೆ ತಗೊಳ್ಳುವವರು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು, ಅಪರೂಪಕ್ಕೆ ಲಿವರಿಗೂ ಪೆಟ್ಟು ಕೊಟ್ಟದ್ದಿದೆ, ಬಸುರಿಯರಂತೂ ಮುಟ್ಟಲೇಬಾರದು. ‘ಮೊದಲು ನಿಮ್ಮ ಡಾಕ್ಟರನ್ನ ಕೇಳಿ ಅತ್ತಿಗೆ, ಆಮೇಲೆ ತರ್ತೀನಿ’ ಅಂದೆ.