ಸಿ.ಡಿ.ಗೊಂದು ಪಟ್ಟಿ, ಕಡತಕ್ಕೊಂದು ಪಟ್ಟಿ: ಮೂರು ಸಾಧನಗಳ ಹೋಲಿಕೆ

ನನ್ನಲ್ಲಿ ಸುಮಾರು ನಾನೂರು ಸಂಗೀತದ ಸಿ.ಡಿ.ಗಳಿವೆ. ಎಲ್ಲವನ್ನೂ ಧ್ವನಿಯ ಗುಣಮಟ್ಟ ಕುಂದದಂತೆ ಉಳಿಸುವ ಫ್ಲ್ಯಾಕ್ ಕಡತಗಳಾಗಿ ಇಳಿಸಿಕೊಂಡಿದ್ದೇನೆ. ಹಾಡು ಕಂಪ್ಯೂಟರಿನಲ್ಲಿ ಸಿಕ್ಕರೂ ಅದರ ಮೂಲ ಸಿ.ಡಿ. ಯಾವ ಪೆಟ್ಟಿಗೆಯಲ್ಲಿದೆ ಎಂಬುದು ತಿಳಿಯುತ್ತಿರಲಿಲ್ಲ. ಹಾಗಾಗಿ ಎಕ್ಸೆಲ್, ಸಂಗೀತ ಮುದ್ರಣಗಳ ವಿವರವಿರುವ ಡಿಸ್ಕಾಗ್ಸ್ ಜಾಲತಾಣ, ಹಾಡಿನ ಕಡತಗಳಿಗೆ ವಿವರ ತುಂಬುವ ತಂತ್ರಾಂಶವಾದ ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಮೂರನ್ನೂ ತಿಂಗಳುಗಟ್ಟಲೆ ಬಳಸಿ ನೋಡಿದೆ.

ಎಕ್ಸೆಲ್‌ನಲ್ಲಿ ನಮಗೆ ಬೇಕಾದ ಅಂಕಣವನ್ನು ನಾವೇ ಹಾಕಿಕೊಳ್ಳಬಹುದು. ಪಕ್ಕವಾದ್ಯದವರು ಯಾರು, ಸಿ.ಡಿ. ಎರವಲು ಹೋಗಿದೆಯೇ, ಯಾವ ಪೆಟ್ಟಿಗೆಯಲ್ಲಿದೆ ಎಂಬುದಕ್ಕೆಲ್ಲ ಜಾಗವಿದೆ. ಆದರೆ ಒಬ್ಬರೇ ಗಾಯಕರ ಹೆಸರು ಒಮ್ಮೆ ಕನ್ನಡದಲ್ಲಿ, ಒಮ್ಮೆ ರೋಮನ್ ಲಿಪಿಯಲ್ಲಿ, ಒಮ್ಮೆ ಇನಿಷಿಯಲ್ ಇಲ್ಲದೆ ಸೇರಿಕೊಂಡರೆ ಹುಡುಕಾಟ ಕೆಡುತ್ತದೆ. ಬಾರ್‌ಕೋಡ್ ತುಂಬುವ ಮೊದಲು ಆ ಅಂಕಣವನ್ನು ‘ಪಠ್ಯ’ ಎಂದು ಗೊತ್ತುಪಡಿಸಿ. ಇಲ್ಲದಿದ್ದರೆ ಸಂಖ್ಯೆಯ ಆರಂಭದ ಸೊನ್ನೆಗಳು ಅಳಿಸಿಹೋಗುತ್ತವೆ.

2000ದಲ್ಲಿ ಆರಂಭವಾದ ಡಿಸ್ಕಾಗ್ಸ್ ಬಳಕೆದಾರರೇ ಬೆಳೆಸಿದ ಭಂಡಾರ. ಒಂದೇ ಆಲ್ಬಮ್‌ನ ಬೇರೆ ಬೇರೆ ಮುದ್ರಣಗಳನ್ನು ಸಿ.ಡಿ.ಯ ಒಳವೃತ್ತದಲ್ಲಿ ತಯಾರಿಕೆಯ ಗುರುತಾಗಿ ಇರುವ ಮ್ಯಾಟ್ರಿಕ್ಸ್ ಸಂಖ್ಯೆಯವರೆಗೂ ಗುರುತಿಸುವ ಅದರ ಶಿಸ್ತು ನನಗೆ ಬಹಳ ಮೆಚ್ಚುಗೆಯಾಯಿತು. ಸಣ್ಣ ಸಂಸ್ಥೆಗಳ ಸಿ.ಡಿ.ಗಳು ಸಿಗದಿದ್ದಾಗ ವಿವರವನ್ನು ನಾವೇ ಸೇರಿಸಬೇಕು. ನಮ್ಮ ಕಡತಗಳ ಗೊಡವೆ ಅದಕ್ಕಿಲ್ಲ.

ಹೆಚ್ಚು ಕಾಲ ನನ್ನನ್ನು ಹಿಡಿದಿಟ್ಟದ್ದು ಪಿಕಾರ್ಡ್. ಸಾಮಾನ್ಯ ಆಡಿಯೋ ಸಿ.ಡಿ.ಯಲ್ಲಿ ಹಾಡುಗಳ ಹೆಸರೇ ಇರುವುದಿಲ್ಲ. ಎಷ್ಟು ಹಾಡುಗಳಿವೆ, ಪ್ರತಿಯೊಂದೂ ಎಲ್ಲಿ ಆರಂಭವಾಗುತ್ತದೆ ಎಂಬ ಲೆಕ್ಕವನ್ನು ಮ್ಯೂಸಿಕ್‌ಬ್ರೈನ್ಜ್ ಭಂಡಾರದ ವಿವರದೊಂದಿಗೆ ಹೋಲಿಸಿ ಪಿಕಾರ್ಡ್ ಸಿ.ಡಿ.ಯ ಗುರುತು ಹಿಡಿಯುತ್ತದೆ. ಸಿ.ಡಿ. ಕೈಯಲ್ಲಿಲ್ಲದಿದ್ದರೆ ಕಡತದ ಧ್ವನಿಯನ್ನೇ ಬೆರಳಚ್ಚಿನಂತೆ ಹೋಲಿಸಿ ನೋಡುತ್ತದೆ. ಸಿಕ್ಕ ವಿವರವನ್ನು ಹಾಡಿನ ಹೆಸರು, ಗಾಯಕರು ಮುಂತಾದವನ್ನು ಹಿಡಿದಿಡುವ ಕಡತದೊಳಗಿನ ಟ್ಯಾಗ್‌ನಲ್ಲೇ ಬರೆಯುವುದರಿಂದ ಕಡತ ಎಲ್ಲಿಗೆ ಹೋದರೂ ಹೆಸರು ಜೊತೆಗೇ ಹೋಗುತ್ತದೆ. ಎಚ್ಚರ ಬೇಕಾದದ್ದು ಬೆರಳಚ್ಚಿನ ವಿಷಯದಲ್ಲಿ. ಮೂಲ ಆಲ್ಬಮ್‌ನಲ್ಲಿಯೂ ಆಯ್ದ ಹಾಡುಗಳ ಸಂಕಲನದಲ್ಲಿಯೂ ಇರುವುದು ಒಂದೇ ಧ್ವನಿಮುದ್ರಣ. ಹಾಗಾಗಿ ನನ್ನ ಒಂದು ಆಲ್ಬಮ್‌ನ ಹತ್ತು ಹಾಡುಗಳು ಮೂರು ಆಲ್ಬಮ್‌ಗಳಿಗೆ ಹಂಚಿಹೋದವು. ಈಗ ಮೊದಲು ಕಡತಗಳನ್ನು ಗುಂಪು ಮಾಡಿ ಇಡೀ ಆಲ್ಬಮ್ಮನ್ನೇ ಹುಡುಕಿಸುತ್ತೇನೆ. ಕಡತದ ಹೆಸರು ಬದಲಿಸುವ ಆಯ್ಕೆಯನ್ನು ಆರಂಭದಲ್ಲಿ ಆಫ್ ಮಾಡಿಯೇ ಇಡಿ.

ಕನ್ನಡ ಶೀರ್ಷಿಕೆಗಳಿಗೆ ಫ್ಲ್ಯಾಕ್ ಅನುಕೂಲ, ಅದರ ಟ್ಯಾಗ್ ಎಲ್ಲ ಲಿಪಿಗಳನ್ನೂ ಬರೆಯಬಲ್ಲ ಯುಟಿಎಫ್-8 ಸಂಕೇತಕ್ರಮದಲ್ಲಿಯೇ ಇರುತ್ತದೆ. ಹಳೆಯ ಎಂಪಿ3 ಕಡತಗಳ ಮೊದಲ ಆವೃತ್ತಿಯ ಐಡಿ3 ಟ್ಯಾಗ್‌ನಲ್ಲಿ ಶೀರ್ಷಿಕೆಗೆ ದೊರೆಯುವುದು 30 ಬೈಟ್ ಮಾತ್ರ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಒತ್ತು ಗುಣಿತಗಳಿಗೂ ಬೇರೆ ಸಂಕೇತ ಬೇಕಾದ್ದರಿಂದ ಉದ್ದದ ಶೀರ್ಷಿಕೆ ಅಲ್ಲಿ ಹಿಡಿಯುವುದಿಲ್ಲ.

ಕಡತಗಳಿಗೆ ಪಿಕಾರ್ಡ್, ಸಿ.ಡಿ.ಗಳಿಗೆ ಎಕ್ಸೆಲ್ ಎಂಬುದು ನನ್ನ ತೀರ್ಮಾನ. ಮುದ್ರಣ ಯಾವುದೆಂಬ ಸಂಶಯ ಬಂದಾಗ ಮಾತ್ರ ಡಿಸ್ಕಾಗ್ಸ್ ನೋಡುತ್ತೇನೆ. ಪ್ರತಿ ಸಿ.ಡಿ.ಗೂ ನಾನೇ ಒಂದು ಕ್ರಮಸಂಖ್ಯೆ ಕೊಟ್ಟು ಅದನ್ನು ಡಬ್ಬಿಯ ಮೇಲೆ, ಎಕ್ಸೆಲ್ ಸಾಲಿನಲ್ಲಿ, ಕಡತದ ಟ್ಯಾಗ್‌ನಲ್ಲಿ ಬರೆದಿದ್ದೇನೆ. ಕಳೆದ ವಾರ ಒಂದು ಕಡತ ಕೆಟ್ಟಾಗ ಟ್ಯಾಗ್‌ನಲ್ಲಿ 127 ಎಂದಿತ್ತು. ನೇರವಾಗಿ ಆ ಸಿ.ಡಿ.ಯನ್ನು ತೆಗೆದು ಮತ್ತೆ ಇಳಿಸಿಕೊಂಡೆ.